ಹ್ಯಾರಿ ಲಾಫ್ಲಿನ್: ಬೇರೆಯವರ ವಂಶಾವಳಿಯಲ್ಲಿ 'ಇ' ಅಕ್ಷರ ಬರೆದವನು

ಪ್ರಶ್ನೆ: ನನ್ನ ತಂಗಿಗೆ 26 ವರ್ಷ. ಹೈಸ್ಕೂಲಿನಲ್ಲಿದ್ದಾಗಿನಿಂದ ಫಿಟ್ಸ್ ಇದೆ. ಮಾತ್ರೆಯಿಂದ ಹಿಡಿತಕ್ಕೆ ಬಂದಿದೆ, ನಾಲ್ಕು ವರ್ಷದಿಂದ ಒಂದು ಸಲವೂ ಬಂದಿಲ್ಲ. ಒಳ್ಳೆಯ ಸಂಬಂಧವೊಂದು ಕೂಡಿಬಂದಿತ್ತು. ಮುಚ್ಚಿಡುವುದು ಬೇಡ ಎಂದು ವಿಷಯ ಹೇಳಿದೆವು. "ಇದು ನಿಮ್ಮ ರಕ್ತದಲ್ಲೇ ಇದೆ" ಎಂದು ಎದ್ದು ಹೋದರು. ಜೊತೆಗೆ ಬಂದಿದ್ದ ಒಬ್ಬ ಹಿರಿಯರು "ಅಮೆರಿಕದಲ್ಲೇ ಇಂಥವರಿಗೆ ಮಕ್ಕಳಾಗದ ಹಾಗೆ ಆಪರೇಷನ್ ಮಾಡ್ತಿದ್ರು, ವಿಜ್ಞಾನಿಗಳು ಸುಮ್ನೆ ಮಾಡ್ತಾರಾ?" ಅಂದರು. ಆ ಮಾತು ತಲೆಯಿಂದ ಹೋಗುತ್ತಿಲ್ಲ. ಹುಡುಕಿದಾಗ ಹ್ಯಾರಿ ಲಾಫ್ಲಿನ್ ಎಂಬ ಹೆಸರು ಸಿಕ್ಕಿತು. ಆತನಿಗೇ ಫಿಟ್ಸ್ ಇತ್ತಂತೆ, ನಿಜವಾ? ಆತ ಯಾರು? ಅಷ್ಟು ಓದಿದವರು ಹೀಗೇಕೆ ಮಾಡಿದರು?

ಉತ್ತರ: ನಿಜ. ಲಾಫ್ಲಿನ್‌ಗೆ ಮೂರ್ಛೆ ರೋಗವಿತ್ತು. ಕೊನೆಯ ವರ್ಷಗಳಲ್ಲಿ ಕಚೇರಿಯಲ್ಲಿ ಸಹೋದ್ಯೋಗಿಗಳ ಎದುರೇ ಬರುತ್ತಿತ್ತು. ಮೂರ್ಛೆ ಇರುವವರಿಗೆ ಮಕ್ಕಳಾಗಬಾರದು ಎಂದು ಕಾನೂನಿನ ಕರಡು ಬರೆದವನೂ ಅವನೇ.

ಆ ಹಿರಿಯರು ಹೇಳಿದ್ದೂ ಅರ್ಧ ನಿಜ. ಅಮೆರಿಕದಲ್ಲಿ ಅಂಥ ಆಪರೇಷನ್ ನಡೆದದ್ದು ಹೌದು, 60,000ಕ್ಕೂ ಜಾಸ್ತಿ ಜನರಿಗೆ. ಆದರೆ ಅದರ ಹಿಂದೆ ಇದ್ದದ್ದು ಎಂಥ ವಿಜ್ಞಾನ ಅನ್ನುವುದೇ ಮುಖ್ಯವಾದ ಪ್ರಶ್ನೆ. ಇಷ್ಟು ವರ್ಷ ಕಾಲೇಜಿನಲ್ಲಿ ಜೆನೆಟಿಕ್ಸ್ ಪಾಠ ಮಾಡಿದವನು ನಾನು. ಗುಣಗಳು ತಲೆಮಾರಿನಿಂದ ತಲೆಮಾರಿಗೆ ಹೇಗೆ ದಾಟುತ್ತವೆ ಎಂದು ತೋರಿಸುವ ಮೆಂಡೆಲನ ಬಟಾಣಿ ಗಿಡದ ಪಾಠ ಮುಗಿದ ಮೇಲೆ ಪ್ರತಿ ವರ್ಷ ಒಂದು ಗಂಟೆ ಲಾಫ್ಲಿನ್ ಕಥೆಗೆ ಎತ್ತಿಡುತ್ತಿದ್ದೆ. ಅದು ಸಿಲೆಬಸ್ಸಿನಲ್ಲಿ ಇರಲಿಲ್ಲ. ಆದರೂ ಮಕ್ಕಳಿಗೆ ಅದು ಗೊತ್ತಿರಲೇಬೇಕು ಅಂತ ನನಗೆ ಅನ್ನಿಸುತ್ತಿತ್ತು.

ಮೊದಲು ಯೂಜೆನಿಕ್ಸ್ ಅಂದರೇನು ನೋಡೋಣ. 1883ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಹುಟ್ಟಿಸಿದ ಪದ ಇದು. ಕನ್ನಡದಲ್ಲಿ ಸುಜನನ ಶಾಸ್ತ್ರ ಅನ್ನುತ್ತಾರೆ. ಒಳ್ಳೆಯ ದನ, ಒಳ್ಳೆಯ ಕುದುರೆ ಆರಿಸಿ ತಳಿ ಬೆಳೆಸುವ ಹಾಗೆ ಮನುಷ್ಯರಲ್ಲೂ 'ಒಳ್ಳೆಯವರಿಗೆ' ಜಾಸ್ತಿ ಮಕ್ಕಳಾಗಲಿ, 'ಕೆಟ್ಟವರಿಗೆ' ಆಗದಿರಲಿ ಎಂಬ ವಾದ. ಒಳ್ಳೆಯವರು ಯಾರು, ಕೆಟ್ಟವರು ಯಾರು ಎಂದು ಹೇಳುವ ಅಧಿಕಾರ ಮಾತ್ರ ಈ ಮಾತನಾಡುವವರ ಕೈಯಲ್ಲೇ ಇರುತ್ತಿತ್ತು.

ಲಾಫ್ಲಿನ್ ಹುಟ್ಟಿದ್ದು 1880ರಲ್ಲಿ, ಅಯೋವಾ ರಾಜ್ಯದ ಆಸ್ಕಲೂಸಾದಲ್ಲಿ. ಬೆಳೆದದ್ದು ಮಿಸೂರಿ ರಾಜ್ಯದ ಕರ್ಕ್ಸ್‌ವಿಲ್ ಎಂಬ ಸಣ್ಣ ಊರಿನಲ್ಲಿ. ಅಪ್ಪ ಚರ್ಚಿನ ಬೋಧಕ. ಮನೆ ತುಂಬ ಮಕ್ಕಳು. ಹ್ಯಾರಿ ಅಲ್ಲಿಯದೇ ಶಿಕ್ಷಕರ ಕಾಲೇಜಿನಲ್ಲಿ ಓದಿ ಮೇಷ್ಟ್ರಾದ. ಆಮೇಲೆ ಹೆಡ್‌ಮಾಸ್ಟರ್ ಆದ. 1902ರಲ್ಲಿ ಪ್ಯಾನ್ಸಿ ಬೋವೆನ್ ಎಂಬಾಕೆಯನ್ನು ಮದುವೆಯಾದ. ಅವರಿಗೆ ಮಕ್ಕಳಾಗಲಿಲ್ಲ. ತಾನು ಓದಿದ ಕಾಲೇಜಿನಲ್ಲೇ ಬೇಸಾಯದ ಪಾಠ ಹೇಳುವ ಕೆಲಸ ಸಿಕ್ಕಿತು. ಬೀಜ, ಬೆಳೆ, ಕೋಳಿ ಇವೇ ಅವನ ಪ್ರಪಂಚವಾಗಿದ್ದವು.

ಕೋಳಿಯೇ ಅವನ ಬದುಕಿನ ದಿಕ್ಕು ಬದಲಿಸಿತು. 1907ರಲ್ಲಿ ಕೋಳಿ ತಳಿಯ ಬಗ್ಗೆ ಪ್ರಶ್ನೆ ಕೇಳಿ ಚಾರ್ಲ್ಸ್ ಡೇವನ್‌ಪೋರ್ಟ್ ಎಂಬ ಪ್ರಸಿದ್ಧ ಜೀವವಿಜ್ಞಾನಿಗೆ ಪತ್ರ ಬರೆದ. ನ್ಯೂಯಾರ್ಕ್ ಹತ್ತಿರದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ಕಾರ್ನೆಗಿ ಸಂಸ್ಥೆಯ ದುಡ್ಡಿನಲ್ಲಿ ನಡೆಯುವ ಪ್ರಯೋಗಾಲಯಕ್ಕೆ ಡೇವನ್‌ಪೋರ್ಟ್ ಮುಖ್ಯಸ್ಥ. ಪತ್ರವ್ಯವಹಾರ ಬೆಳೆಯಿತು. ಡೇವನ್‌ಪೋರ್ಟ್ ಆಗಲೇ ಕೋಳಿ ಬಿಟ್ಟು ಮನುಷ್ಯರ ವಂಶದ ಕಡೆ ತಿರುಗಿದ್ದ. ರೈಲ್ವೆ ಕುಬೇರನೊಬ್ಬನ ವಿಧವೆ ಮೇರಿ ಹ್ಯಾರಿಮನ್ ದುಡ್ಡು ಕೊಟ್ಟರು. 1910ರಲ್ಲಿ 'ಯೂಜೆನಿಕ್ಸ್ ರೆಕಾರ್ಡ್ ಆಫೀಸ್' ಶುರುವಾಯಿತು. ಅದನ್ನು ನೋಡಿಕೊಳ್ಳಲು ಡೇವನ್‌ಪೋರ್ಟ್ ಕರೆಸಿಕೊಂಡದ್ದು ಮಿಸೂರಿಯ ಈ ಬೇಸಾಯದ ಮೇಷ್ಟ್ರನ್ನು. ಮುಂದಿನ 29 ವರ್ಷ ಲಾಫ್ಲಿನ್ ಆ ಕುರ್ಚಿಯಲ್ಲೇ ಇದ್ದ.

ಅವನು ದಡ್ಡನೇನಲ್ಲ. 1917ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದ. ಅವನ ಸಂಶೋಧನೆ ಈರುಳ್ಳಿ ಬೇರಿನ ತುದಿಯಲ್ಲಿ ಜೀವಕೋಶ ಹೇಗೆ ಒಡೆಯುತ್ತದೆ ಅನ್ನುವುದರ ಮೇಲೆ. ನೀವು ಪಿಯುಸಿಯಲ್ಲಿ ಬಯಾಲಜಿ ತೆಗೆದುಕೊಂಡಿದ್ದರೆ ಈ ಪ್ರಯೋಗ ಮಾಡಿರುತ್ತೀರಿ. ಈರುಳ್ಳಿಯನ್ನು ನೀರಿನ ಲೋಟದ ಮೇಲೆ ಕೂರಿಸಿ, ಬೇರು ಬಿಟ್ಟ ಮೇಲೆ ತುದಿ ಕತ್ತರಿಸಿ, ಬಣ್ಣ ಹಾಕಿ, ಸ್ಲೈಡಿನ ಮೇಲಿಟ್ಟು ಹೆಬ್ಬೆರಳಲ್ಲಿ ಒತ್ತುತ್ತೇವಲ್ಲ, ಅದೇ. ಒಂದೊಂದು ಹಂತದಲ್ಲಿ ಎಷ್ಟೆಷ್ಟು ಕೋಶ ಎಂದು ಕಣ್ಣು ಬೀಳುವ ತನಕ ಎಣಿಸಬೇಕು. ಅಷ್ಟು ತಾಳ್ಮೆಯ ಮನುಷ್ಯ ಅವನು. ಆ ತಾಳ್ಮೆ ಮನುಷ್ಯರ ಲೆಕ್ಕಕ್ಕೆ ಇಳಿದಾಗ ಅನಾಹುತವಾಯಿತು.

ಆ ಆಫೀಸಿನ ಕೆಲಸ ಹೀಗಿತ್ತು. ಕಾಲೇಜು ಓದಿದ ಹುಡುಗಿಯರನ್ನೇ ಜಾಸ್ತಿ ಆರಿಸಿ, ಬೇಸಿಗೆಯಲ್ಲಿ ಕೆಲವು ವಾರ ತರಬೇತಿ ಕೊಟ್ಟು ಊರೂರಿಗೆ ಕಳಿಸುತ್ತಿದ್ದರು. ಅವರು ಆಸ್ಪತ್ರೆ, ಜೈಲು, ಅನಾಥಾಶ್ರಮ, ಬಡವರ ಗುಡಿಸಲು ಎಲ್ಲ ಕಡೆ ಹೋಗಬೇಕು. ಮನೆಯವರನ್ನು, ಅಕ್ಕಪಕ್ಕದವರನ್ನು ಕೇಳಬೇಕು. ನಿಮ್ಮ ಅಜ್ಜ ಹೇಗಿದ್ದರು? ಚಿಕ್ಕಪ್ಪ ಕುಡಿಯುತ್ತಿದ್ದರಾ? ಅತ್ತೆಯ ಮಗಳ ನಡತೆ ಹೇಗೆ? ಸತ್ತವರ ಬಗ್ಗೆಯೂ ಪಕ್ಕದ ಮನೆಯವರು ಹೇಳಿದ್ದೇ ದಾಖಲೆ. ಎಲ್ಲವೂ ಕಾರ್ಡಿಗೆ ಇಳಿಯುತ್ತಿತ್ತು. ಲಕ್ಷಗಟ್ಟಲೆ ಕಾರ್ಡುಗಳು. ಬೆಂಕಿ ತಗುಲದ ಕೋಣೆಯಲ್ಲಿ, ಉದ್ದುದ್ದ ಡ್ರಾಯರ್‌ಗಳಲ್ಲಿ. ಒಂದೊಂದು ಗುಣಕ್ಕೂ ಒಂದೊಂದು ನಂಬರು. ಚೆಸ್ ಆಡುವ ಜಾಣ್ಮೆಗೂ ನಂಬರು ಇತ್ತು: 4598.

ಆಮೇಲೆ ವಂಶಾವಳಿಯ ನಕ್ಷೆ ಬರೆಯುತ್ತಿದ್ದರು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ಒಳಗೆ ಒಂದು ಇಂಗ್ಲಿಷ್ ಅಕ್ಷರ. ಮಂದಬುದ್ಧಿ ಅನ್ನಿಸಿದವರಿಗೆ 'ಎಫ್'. ಕುಡುಕರಿಗೆ 'ಎ'. ಊರೂರು ಅಲೆಯುವವರಿಗೆ 'ಡಬ್ಲ್ಯೂ'. ಮೂರ್ಛೆ ಬರುವವರಿಗೆ 'ಇ'. ಆ ನಕ್ಷೆಗಳ ಚಿತ್ರವನ್ನು ನಾನು ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದೆ. ಮೂರು ತಲೆಮಾರು, ಹದಿನೈದು ಇಪ್ಪತ್ತು ಜನ. ಹೆಸರು ಹೋಯಿತು, ಮುಖ ಹೋಯಿತು. ಅವರು ಏನು ಕೆಲಸ ಮಾಡುತ್ತಿದ್ದರು, ಯಾರನ್ನು ಸಾಕಿದರು ಎಂಬುದೂ ಹೋಯಿತು. ಉಳಿದದ್ದು ವೃತ್ತದೊಳಗಿನ ಒಂದು 'ಇ'. ನಿಮ್ಮ ಮನೆಗೆ ಬಂದವರು ಕಾಫಿ ಕುಡಿದು ಎದ್ದು ಹೋಗುವಾಗ ನಿಮ್ಮ ತಂಗಿಗೆ ಮಾಡಿದ್ದೂ ಇದನ್ನೇ.

ಇದರಲ್ಲಿ ತಪ್ಪು ಎಲ್ಲಿತ್ತು? ಒಂದು ಗುಣ ಒಂದೇ ಮನೆಯಲ್ಲಿ ಮತ್ತೆ ಮತ್ತೆ ಕಾಣಿಸಿದರೆ ಅದು ರಕ್ತದಲ್ಲೇ ಇದೆ ಎಂದು ಅವರು ತೀರ್ಮಾನಿಸುತ್ತಿದ್ದರು. ಅದೂ ಬಟಾಣಿ ಗಿಡದ ಹಾಗೆ ಒಂದೇ ಜೀನಿನಿಂದ, ಅಂದರೆ ಒಂದೇ ವಂಶವಾಹಿಯಿಂದ. ಬಡತನ ಒಂದೇ ಮನೆಯಲ್ಲಿ ಮೂರು ತಲೆಮಾರು ಇರುತ್ತದೆ. ಹಸಿವು ಇರುತ್ತದೆ. ಹುಳುಕು ಹಲ್ಲು ಇರುತ್ತದೆ. ಅದಕ್ಕೆಲ್ಲ ಜೀನು ಬೇಕಿಲ್ಲ, ಅಲ್ವಾ? ಡೇವನ್‌ಪೋರ್ಟ್ 1919ರಲ್ಲಿ ನೌಕಾಪಡೆಯ ಅಧಿಕಾರಿಗಳ ವಂಶ ಅಧ್ಯಯನ ಮಾಡಿ ಸಮುದ್ರದ ಮೇಲಿನ ಪ್ರೀತಿಯೂ ಒಂದು ಜೀನಿನಿಂದ ಬರುತ್ತದೆ ಎಂದು ಬರೆದ. ಅದು ಗಂಡಸರಲ್ಲೇ ಕಾಣುವುದರಿಂದ ಲಿಂಗಕ್ಕೆ ಅಂಟಿಕೊಂಡ ಗುಣವಂತೆ. ಆ ಕಾಲದಲ್ಲಿ ಹೆಂಗಸರನ್ನು ನೌಕಾಧಿಕಾರಿ ಮಾಡುತ್ತಲೇ ಇರಲಿಲ್ಲ ಎಂಬುದು ಅವನ ಕಣ್ಣಿಗೆ ಬೀಳಲಿಲ್ಲ.

ಹಣ್ಣುನೊಣದ ಮೇಲೆ ಕೆಲಸ ಮಾಡಿ ಆಮೇಲೆ ನೊಬೆಲ್ ಪಡೆದ ಥಾಮಸ್ ಹಂಟ್ ಮಾರ್ಗನ್ ಈ ಗುಂಪಿನಿಂದ 1915ರ ಹೊತ್ತಿಗೇ ದೂರ ಸರಿದಿದ್ದರು. ಆ ಹಿರಿಯರಿಗೆ ಹೇಳಲು ಇದನ್ನು ನೆನಪಿಡಿ. ವಿಜ್ಞಾನಿಗಳೆಲ್ಲ ಒಪ್ಪಿ ಮಾಡಿದ್ದಲ್ಲ. ಒಪ್ಪದವರು ಇದ್ದರು. ಆದರೆ ಬಹಳ ಜನ ತಮ್ಮ ಪಾಡಿಗೆ ಪ್ರಯೋಗಾಲಯಕ್ಕೆ ಹೋದರು, ಬಾಯಿ ಬಿಡಲಿಲ್ಲ. ನನ್ನ ವಿಷಯದವರ ಮೇಲೆ ನನಗಿರುವ ದೊಡ್ಡ ದೂರು ಇದು.

ಲೆಕ್ಕದಲ್ಲೂ ಅವರ ದಾರಿ ನಿಲ್ಲುವುದಿಲ್ಲ. ಒಂದು ಉದಾಹರಣೆ ತೆಗೆದುಕೊಳ್ಳಿ. ಒಂದು ಜೀನಿನ ಪ್ರತಿ ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಹೀಗೆ ಎರಡೂ ಬಂದರೆ ಮಾತ್ರ ಕಾಣುವ ಕಾಯಿಲೆ. ಅದು 10,000 ಜನರಲ್ಲಿ ಒಬ್ಬರಿಗೆ ಇದೆ ಅನ್ನಿ. ಆಗ ಅದೇ 10,000ದಲ್ಲಿ ಸುಮಾರು 200 ಜನ ಆ ಜೀನಿನ ಒಂದು ಪ್ರತಿ ಹೊತ್ತಿರುತ್ತಾರೆ. ಅವರಿಗೆ ಏನೂ ಆಗಿರುವುದಿಲ್ಲ, ಗೊತ್ತೂ ಇರುವುದಿಲ್ಲ. ಕಾಯಿಲೆ ಇರುವ ಒಬ್ಬರಿಗೆ ಪ್ರತಿ ತಲೆಮಾರಿನಲ್ಲೂ ಮಕ್ಕಳಾಗದಂತೆ ತಡೆದರೂ ಆ 200 ಜನ ಹಾಗೇ ಇರುತ್ತಾರೆ. ಹೀಗೆ ಆ ಜೀನನ್ನು ಅರ್ಧಕ್ಕೆ ಇಳಿಸಲು 100 ತಲೆಮಾರು ಬೇಕು. ಅಂದರೆ ಸುಮಾರು 2,500 ವರ್ಷ. ಇಂಗ್ಲೆಂಡಿನ ಪನ್ನೆಟ್ ಎಂಬ ತಳಿವಿಜ್ಞಾನಿ 1917ರಲ್ಲೇ ಇಂಥ ಲೆಕ್ಕ ಮಾಡಿ ಅಚ್ಚು ಹಾಕಿಸಿದ್ದರು. ಲಾಫ್ಲಿನ್ ಅದಾದ ಮೇಲೂ 20 ವರ್ಷ ತನ್ನ ಕೆಲಸ ನಿಲ್ಲಿಸಲಿಲ್ಲ.

ಈಗ ಕಾನೂನಿನ ವಿಷಯಕ್ಕೆ ಬರುತ್ತೇನೆ. ಒತ್ತಾಯದ ಸಂತಾನಹರಣದ ಮೊದಲ ಕಾನೂನು ಬಂದದ್ದು ಇಂಡಿಯಾನಾ ರಾಜ್ಯದಲ್ಲಿ, 1907ರಲ್ಲಿ. ಬೇರೆ ರಾಜ್ಯಗಳೂ ಮಾಡಿದವು, ಆದರೆ ಹಲವನ್ನು ಕೋರ್ಟುಗಳು ಹೊಡೆದು ಹಾಕಿದವು. ಕೋರ್ಟಿನಲ್ಲಿ ಬೀಳದ ಕಾನೂನು ಹೇಗಿರಬೇಕು ಎಂದು ಲಾಫ್ಲಿನ್ ಕೂತು ಕೆಲಸ ಮಾಡಿದ. ಪ್ರತಿ ರಾಜ್ಯದ ಕಾನೂನು, ಪ್ರತಿ ತೀರ್ಪು ಒಟ್ಟುಮಾಡಿ 1922ರಲ್ಲಿ 500 ಪುಟ ಮೀರಿದ ಪುಸ್ತಕ ತಂದ. ಅದರಲ್ಲಿ ಒಂದು ಮಾದರಿ ಕಾನೂನು. ಯಾರಿಗೆ ಮಕ್ಕಳಾಗಬಾರದು ಎಂಬ ಪಟ್ಟಿಯಲ್ಲಿ ಮಂದಬುದ್ಧಿಯವರು, ಮನೋರೋಗಿಗಳು, ಅಪರಾಧಿಗಳು, ಮೂರ್ಛೆ ರೋಗಿಗಳು, ಕುಡುಕರು, ಕ್ಷಯ ಮತ್ತು ಕುಷ್ಠದವರು, ಕುರುಡರು, ಕಿವುಡರು, ಅಂಗವಿಕಲರು ಎಲ್ಲರೂ ಇದ್ದರು. ಕೊನೆಗೆ ಪರಾವಲಂಬಿಗಳು ಎಂದು ಸೇರಿಸಿ ಅನಾಥರು, ಮನೆಯಿಲ್ಲದವರು, ಭಿಕಾರಿಗಳನ್ನೂ ಎಳೆದು ತಂದಿದ್ದ.

ಅನಾಥ ಮಗು ಯಾವ ಜೀನಿನಿಂದ ಅನಾಥವಾಗುತ್ತದೆ? ನನ್ನ ವಿದ್ಯಾರ್ಥಿನಿಯೊಬ್ಬಳು ಒಮ್ಮೆ ಎದ್ದು ನಿಂತು ಇದನ್ನೇ ಕೇಳಿದಳು. ತರಗತಿ ಸ್ವಲ್ಪ ಹೊತ್ತು ಮಾತಿಲ್ಲದೆ ಕೂತಿತ್ತು.

ಆ ಕರಡನ್ನು ಮುಂದಿಟ್ಟುಕೊಂಡು ವರ್ಜೀನಿಯಾ ರಾಜ್ಯ 1924ರಲ್ಲಿ ಕಾನೂನು ಮಾಡಿತು. ಅದು ಸುಪ್ರೀಂ ಕೋರ್ಟ್ ತನಕ ಹೋಗಿ ಗೆದ್ದು ಬರಬೇಕು ಎಂಬ ಆಸೆ ಮಾಡಿದವರಿಗಿತ್ತು. ಅದಕ್ಕೊಬ್ಬಳು ಹುಡುಗಿ ಬೇಕಿತ್ತು. ಸಿಕ್ಕಿದವಳು ಕ್ಯಾರಿ ಬಕ್.

ಕ್ಯಾರಿ ಷಾರ್ಲಟ್ಸ್‌ವಿಲ್ ಊರಿನ ಬಡ ಹುಡುಗಿ. ಅಮ್ಮ ಎಮ್ಮಾ ಅವಳನ್ನು ಸಾಕಲಾಗದ ಸ್ಥಿತಿಯಲ್ಲಿದ್ದಳು. ಕ್ಯಾರಿ ಬೇರೆಯವರ ಮನೆಯಲ್ಲಿ ಬೆಳೆದಳು. ಸ್ಕೂಲಿಗೆ ಹೋಗುತ್ತಿದ್ದಳು. ನಡತೆ ಮತ್ತು ಪಾಠ ಎರಡೂ ತುಂಬಾ ಚೆನ್ನಾಗಿದೆ ಎಂದು ಟೀಚರ್ ದಾಖಲೆಯಲ್ಲಿ ಬರೆದಿದ್ದರು. ಆಮೇಲೆ ಸ್ಕೂಲು ಬಿಡಿಸಿದರು, ಮನೆಗೆಲಸಕ್ಕೆ ಹಾಕಿದರು. ಹದಿನೇಳನೇ ವಯಸ್ಸಿನಲ್ಲಿ ಬಸುರಿಯಾದಳು. ಸಾಕಿದ ಮನೆಯವರ ಸಂಬಂಧಿಕನೊಬ್ಬ ತನ್ನ ಮೇಲೆ ಬಲಾತ್ಕಾರ ಮಾಡಿದ ಎಂದು ಅವಳು ಹೇಳಿದ್ದಾಳೆ. ಮನೆಯವರು ಅವಳಿಗೆ ಬುದ್ಧಿ ಸರಿಯಿಲ್ಲ, ಫಿಟ್ಸ್ ಬರುತ್ತದೆ ಎಂದು ಅರ್ಜಿ ಕೊಟ್ಟರು. 1924ರ ಮಾರ್ಚ್‌ನಲ್ಲಿ ವಿವಿಯನ್ ಎಂಬ ಹೆಣ್ಣು ಮಗು ಹುಟ್ಟಿತು. ಮಗುವನ್ನು ಆ ಮನೆಯವರೇ ಇಟ್ಟುಕೊಂಡರು. ಕ್ಯಾರಿಯನ್ನು ಲಿಂಚ್‌ಬರ್ಗ್ ಹತ್ತಿರದ 'ಮೂರ್ಛೆ ರೋಗಿಗಳ ಮತ್ತು ಮಂದಬುದ್ಧಿಯವರ ಕಾಲೊನಿ'ಗೆ ಕಳಿಸಿದರು. ಅವಳ ಅಮ್ಮ ಅದಾಗಲೇ ಅಲ್ಲಿದ್ದಳು.

ಅಮ್ಮ, ಮಗಳು, ಮೊಮ್ಮಗಳು. ಮೂರು ತಲೆಮಾರು ಸಾಲಾಗಿ ಸಿಕ್ಕಿದವು. ನಕ್ಷೆ ಬರೆಯುವವರಿಗೆ ಇದಕ್ಕಿಂತ ಇನ್ನೇನು ಬೇಕು?

1924ರ ನವೆಂಬರ್‌ನಲ್ಲಿ ಆಮ್‌ಹರ್ಸ್ಟ್ ಕೌಂಟಿಯ ಕೋರ್ಟಿನಲ್ಲಿ ವಿಚಾರಣೆ ನಡೆಯಿತು. ಲಾಫ್ಲಿನ್ ಅಲ್ಲಿಗೆ ಹೋಗಲೇ ಇಲ್ಲ. ಕ್ಯಾರಿಯನ್ನು ಅವನು ಒಮ್ಮೆಯೂ ನೋಡಿರಲಿಲ್ಲ. ಕಾಲೊನಿಯ ಮುಖ್ಯಸ್ಥ ಪ್ರಿಡ್ಡಿ ಕಳಿಸಿದ ಕಾಗದ ಓದಿ, ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ಮೇಜಿನ ಮುಂದೆ ಕೂತು ಹೇಳಿಕೆ ಬರೆದು ಅಂಚೆಗೆ ಹಾಕಿದ. ಆ ಕುಟುಂಬದವರು ದಕ್ಷಿಣದ ಸೋಮಾರಿ, ಅಜ್ಞಾನಿ, ಕೆಲಸಕ್ಕೆ ಬಾರದ ಬಿಳಿಯರ ವರ್ಗಕ್ಕೆ ಸೇರಿದವರು ಎಂಬ ಅರ್ಥದ ಮಾತು ಅದರಲ್ಲಿತ್ತು. ಅದು ಪ್ರಿಡ್ಡಿ ಬರೆದು ಕಳಿಸಿದ್ದ ಮಾತು, ಅದನ್ನೇ ತಜ್ಞನ ಸಾಕ್ಷಿಯಾಗಿ ಕೋರ್ಟಿಗೆ ಕಳಿಸಿದ. ಅವನ ಆಫೀಸಿನ ಇನ್ನೊಬ್ಬ, ಆರ್ಥರ್ ಎಸ್ಟಬ್ರೂಕ್, ಕೋರ್ಟಿಗೇ ಬಂದು ಸಾಕ್ಷಿ ಹೇಳಿದ. ವಿವಿಯನ್‌ಗೆ ಆಗ ಎಂಟು ತಿಂಗಳೂ ತುಂಬಿರಲಿಲ್ಲ. ಮಗುವಿನ ನೋಟದಲ್ಲಿ ಏನೋ ಸರಿಯಿಲ್ಲ ಎಂದು ಸಮಾಜಸೇವಕಿಯೊಬ್ಬಳು ಹೇಳಿದಳು. ಎಂಟು ತಿಂಗಳ ಕೂಸಿನ ನೋಟ!

ಕ್ಯಾರಿಯ ಪರ ನಿಂತ ವಕೀಲ ವೈಟ್‌ಹೆಡ್ ಆ ಕಾಲೊನಿಯ ಆಡಳಿತ ಮಂಡಳಿಯಲ್ಲಿದ್ದವನು. ಎದುರು ಪಕ್ಷದ ವಕೀಲನ ಹಳೆಯ ಗೆಳೆಯ. ಒಬ್ಬ ಸಾಕ್ಷಿಯನ್ನೂ ಕರೆಸಲಿಲ್ಲ. ಟೀಚರ್ ಬರೆದ ಆ ಎರಡು ಒಳ್ಳೆಯ ಮಾತು ಕೋರ್ಟಿಗೆ ಬರಲೇ ಇಲ್ಲ.

1927ರ ಮೇ 2ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಎಂಟು ನ್ಯಾಯಮೂರ್ತಿಗಳು ಒಂದು ಕಡೆ, ಒಬ್ಬರು ಮಾತ್ರ ವಿರುದ್ಧ. ತೀರ್ಪು ಬರೆದದ್ದು ಆಲಿವರ್ ವೆಂಡೆಲ್ ಹೋಮ್ಸ್, ಅಮೆರಿಕದ ದೊಡ್ಡ ನ್ಯಾಯಾಧೀಶರಲ್ಲಿ ಒಬ್ಬರು ಎಂದು ಇವತ್ತಿಗೂ ಹೆಸರು. "ಮೂರು ತಲೆಮಾರಿನ ಬುದ್ಧಿಗೇಡಿಗಳು ಸಾಕು" ಎಂದು ಬರೆದರು. ಅದೇ ಅಕ್ಟೋಬರ್ 19ರಂದು ಕ್ಯಾರಿಗೆ ಆಪರೇಷನ್ ಆಯಿತು.

ವಿವಿಯನ್ ಏನಾದಳು ಎಂದು ಹೇಳದೆ ಮುಂದೆ ಹೋಗಲಾರೆ. ಸ್ಕೂಲು ಸೇರಿದಳು. 1931ರಲ್ಲಿ ಒಂದನೇ ತರಗತಿಯಲ್ಲಿ ಅವಳ ಹೆಸರು ಚೆನ್ನಾಗಿ ಓದುವ ಮಕ್ಕಳ ಗೌರವ ಪಟ್ಟಿಯಲ್ಲಿತ್ತು. 1932ರಲ್ಲಿ ಕರುಳಿನ ಬೇನೆಯಿಂದ ತೀರಿಕೊಂಡಳು. ಎಂಟು ವರ್ಷ. ಸುಪ್ರೀಂ ಕೋರ್ಟ್ ಎಣಿಸಿದ 'ಮೂರನೇ ತಲೆಮಾರು' ಇದೇ ಮಗು.

ಕ್ಯಾರಿಯ ತಂಗಿ ಡೋರಿಸ್‌ಗೂ ಆಪರೇಷನ್ ಮಾಡಿದರು. ಅವಳಿಗೆ ಹೇಳಿದ್ದು ಅಪೆಂಡಿಕ್ಸ್ ಆಪರೇಷನ್ ಎಂದು. ಅವಳು ಮದುವೆಯಾಗಿ ಮಗುವಿಗಾಗಿ ವರ್ಷಗಟ್ಟಲೆ ಕಾದಳು. ನಿಜ ಗೊತ್ತಾದದ್ದು ಅರ್ಧ ಶತಮಾನ ಕಳೆದ ಮೇಲೆ, ಮುದುಕಿಯಾದಾಗ. ಕ್ಯಾರಿ 1983ರ ತನಕ ಬದುಕಿದ್ದಳು. ಕೊನೆಯ ದಿನಗಳಲ್ಲೂ ಪೇಪರ್ ಓದುತ್ತಿದ್ದಳು, ಪದಬಂಧ ಬಿಡಿಸುತ್ತಿದ್ದಳು. ಅವಳನ್ನು ಕೊನೆಗಾಲದಲ್ಲಿ ಭೇಟಿಯಾದ ಪಾಲ್ ಲೊಂಬಾರ್ಡೊ ಎಂಬ ಇತಿಹಾಸಕಾರರು ಈ ಮೊಕದ್ದಮೆಯ ಕಾಗದಪತ್ರಗಳನ್ನೆಲ್ಲ ಹುಡುಕಿ ಈ ಸತ್ಯ ಹೊರಗೆ ತಂದರು.

ಲಾಫ್ಲಿನ್ ಕೈ ಚಾಚಿದ್ದು ಆಪರೇಷನ್‌ಗೆ ಮಾತ್ರವಲ್ಲ. ಅಮೆರಿಕದ ಸಂಸತ್ತಿನ ವಲಸೆ ಸಮಿತಿ 1921ರಲ್ಲಿ ಅವನನ್ನು ತನ್ನ ಯೂಜೆನಿಕ್ಸ್ ತಜ್ಞನನ್ನಾಗಿ ಮಾಡಿಕೊಂಡಿತು. ಯಾವ ದೇಶದಿಂದ ಬಂದವರು ಆಸ್ಪತ್ರೆ, ಜೈಲುಗಳಲ್ಲಿ ಎಷ್ಟಿದ್ದಾರೆ ಎಂಬ ಕೋಷ್ಟಕ ಮಾಡಿ, ದಕ್ಷಿಣ ಮತ್ತು ಪೂರ್ವ ಯುರೋಪಿನವರ ರಕ್ತ ಕೆಟ್ಟದ್ದು ಎಂದು ವಾದಿಸಿದ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೀವವಿಜ್ಞಾನಿ ಹರ್ಬರ್ಟ್ ಜೆನ್ನಿಂಗ್ಸ್ ಅವನ ಅಂಕಿಅಂಶದಲ್ಲಿರುವ ತಪ್ಪು ತೋರಿಸಲು ಬಂದರೆ ಸಮಿತಿ ಕೊಟ್ಟದ್ದು ಕೆಲವೇ ನಿಮಿಷ. 1924ರ ವಲಸೆ ಕಾನೂನು ಬಂತು. ಅದು ಏಷ್ಯಾದವರಿಗೆ ಬಾಗಿಲನ್ನೇ ಮುಚ್ಚಿತು. ಹಿಂದಿನ ವರ್ಷವಷ್ಟೇ ಭಗತ್ ಸಿಂಗ್ ತಿಂದ್ ಎಂಬವರ ಮೊಕದ್ದಮೆಯಲ್ಲಿ ಭಾರತೀಯರು ಪೌರರಾಗಲು ಅರ್ಹರಲ್ಲ ಎಂದು ಅದೇ ಸುಪ್ರೀಂ ಕೋರ್ಟ್ ಹೇಳಿತ್ತು. 1946ರಲ್ಲಿ ಬಾಗಿಲು ತೆರೆದಾಗಲೂ ಭಾರತೀಯರಿಗೆ ಸಿಕ್ಕಿದ್ದು ವರ್ಷಕ್ಕೆ 100 ಜನರ ಕೋಟಾ. ದೇಶ ನೋಡಿ ಕೋಟಾ ಕೊಡುವ ಪದ್ಧತಿ ಹೋದದ್ದು 1965ರಲ್ಲಿ. ನಿಮ್ಮ ಕಡೆಯವರು ಯಾರಾದರೂ ಕ್ಯಾಲಿಫೋರ್ನಿಯಾದಲ್ಲೋ ನ್ಯೂಜೆರ್ಸಿಯಲ್ಲೋ ಇದ್ದರೆ ಅವರು ಅಲ್ಲಿ ನೆಲೆಸಲು ಆದದ್ದು ಆ ಬದಲಾವಣೆಯಿಂದ.

1933ರ ಜುಲೈಯಲ್ಲಿ ಹಿಟ್ಲರನ ಸರ್ಕಾರ ಒತ್ತಾಯದ ಸಂತಾನಹರಣದ ಕಾನೂನು ಮಾಡಿತು. ಲಾಫ್ಲಿನ್‌ನ ಮಾದರಿ ಅದನ್ನು ಬರೆದವರಿಗೆ ಚೆನ್ನಾಗಿ ಗೊತ್ತಿತ್ತು. ಅಲ್ಲೂ ಪಟ್ಟಿಯಲ್ಲಿ ಮೂರ್ಛೆ ರೋಗಿಗಳು. ಸುಮಾರು 4 ಲಕ್ಷ ಜನರಿಗೆ ಆಪರೇಷನ್ ಆಯಿತು. ಲಾಫ್ಲಿನ್ ಇದನ್ನು ಹೆಮ್ಮೆಯಿಂದ ತನ್ನ ಪತ್ರಿಕೆಯಲ್ಲಿ ವರದಿ ಮಾಡಿದ. 1936ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯ ಅವನಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಯಹೂದಿ ಪ್ರಾಧ್ಯಾಪಕರನ್ನು ಆಗಲೇ ಹೊರಗೆ ಹಾಕಿದ್ದ ವಿಶ್ವವಿದ್ಯಾಲಯ ಅದು. ಲಾಫ್ಲಿನ್ ಸಂತೋಷದಿಂದ ಒಪ್ಪಿಕೊಂಡು ಕಾಗದ ಬರೆದ. ನಾಜಿಗಳ ಪ್ರಚಾರ ಚಿತ್ರವೊಂದನ್ನು ತರಿಸಿ ಅಮೆರಿಕದಲ್ಲಿ ತೋರಿಸಲು ಓಡಾಡಿದ. ಯಹೂದಿಗಳು ಪ್ರಾಣ ಉಳಿಸಿಕೊಳ್ಳಲು ಅಮೆರಿಕಕ್ಕೆ ಬರಲು ಒದ್ದಾಡುತ್ತಿದ್ದಾಗ ವಲಸೆಯ ಕೋಟಾ ಸಡಿಲಿಸಬೇಡಿ ಎಂದು ವರದಿ ಬರೆದುಕೊಟ್ಟ. ಯುದ್ಧ ಮುಗಿದು ನ್ಯೂರೆಂಬರ್ಗ್‌ನಲ್ಲಿ ವಿಚಾರಣೆ ನಡೆದಾಗ ನಾಜಿಗಳ ಪರ ವಕೀಲರು ಕ್ಯಾರಿ ಬಕ್ ತೀರ್ಪನ್ನೇ ಎತ್ತಿ ತೋರಿಸಿದರು.

ಅಷ್ಟರಲ್ಲಿ ಅವನ ಕಾರ್ಡುಗಳ ಬೆಲೆ ಬಯಲಾಗಿತ್ತು. ಕಾರ್ನೆಗಿ ಸಂಸ್ಥೆ 1935ರಲ್ಲಿ ತಜ್ಞರನ್ನು ಕಳಿಸಿ ತಪಾಸಣೆ ಮಾಡಿಸಿತು. ಜೆನೆಟಿಕ್ಸ್ ಅಧ್ಯಯನಕ್ಕೆ ಈ ದಾಖಲೆ ಉಪಯೋಗಕ್ಕೆ ಬಾರದು ಎಂದು ಅವರು ಹೇಳಿದರು. ಇಪ್ಪತ್ತೈದು ವರ್ಷ ಕೂಡಿಟ್ಟ ಡ್ರಾಯರ್‌ಗಳು! ಈ ಹೊತ್ತಿಗೆ ಅವನ ಮೂರ್ಛೆಯೂ ಕಚೇರಿಯವರಿಗೆಲ್ಲ ಗೊತ್ತಿತ್ತು. ಕಾರ್ನೆಗಿ ಸಂಸ್ಥೆಯ ಹೊಸ ಅಧ್ಯಕ್ಷ ವ್ಯಾನೆವರ್ ಬುಷ್ ನಿವೃತ್ತಿಗೆ ಒತ್ತಾಯಿಸಿದರು. 1939ರ ಡಿಸೆಂಬರ್ ಕೊನೆಗೆ ಆಫೀಸು ಮುಚ್ಚಿತು. ಲಾಫ್ಲಿನ್ ಹೆಂಡತಿಯ ಜೊತೆ ಕರ್ಕ್ಸ್‌ವಿಲ್‌ಗೆ ವಾಪಸು ಹೋದ. 1943ರ ಜನವರಿ 26ರಂದು ಅಲ್ಲೇ ತೀರಿಕೊಂಡ. 62 ವರ್ಷ. ಅವನ ಕಾಗದಪತ್ರಗಳು ಈಗ ಅದೇ ಊರಿನ ಟ್ರೂಮನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿವೆ.

ಆತನಿಗೆ ಮೂರ್ಛೆ ಇತ್ತು ಎಂದು ತಿಳಿದಾಗ ಕೆಲವರು "ತಕ್ಕ ಶಾಸ್ತಿ" ಅನ್ನುತ್ತಾರೆ. ನನಗೆ ಆ ಮಾತು ಹಿಡಿಸುವುದಿಲ್ಲ. ಮೂರ್ಛೆ ಯಾರಿಗೂ ಶಾಸ್ತಿಯಲ್ಲ, ಅದೊಂದು ಕಾಯಿಲೆ. ನನ್ನನ್ನು ಕಾಡುವುದು ಬೇರೆ. ತನಗೆ ಫಿಟ್ಸ್ ಬಂದಾಗ ಅವನು ಅದನ್ನು ಕಾಯಿಲೆ ಎಂದೇ ಕಂಡಿರಬೇಕು. ಹೆಂಡತಿ ನೋಡಿಕೊಂಡಿರಬೇಕು. ಎದ್ದು ಮುಖ ತೊಳೆದು ಮತ್ತೆ ಕೆಲಸಕ್ಕೆ ಕೂತಿರಬೇಕು. ಅವನ ಹತ್ತಿರ ಇದ್ದವರಿಗೆ ಅವನು ಹ್ಯಾರಿ ಆಗಿಯೇ ಉಳಿದ. ಕ್ಯಾರಿಗೆ ಆ ಅವಕಾಶ ಇರಲಿಲ್ಲ. ಅವನು ಅವಳನ್ನು ಕಾಗದದಲ್ಲಿ ಮಾತ್ರ ನೋಡಿದ್ದ. ಒಂದು ದಿನ ರೈಲು ಹತ್ತಿ ವರ್ಜೀನಿಯಾಕ್ಕೆ ಹೋಗಿ ಅವಳ ಎದುರು ಕೂತು ಹತ್ತು ನಿಮಿಷ ಮಾತನಾಡಿದ್ದರೆ ಆ ಹೇಳಿಕೆ ಅಷ್ಟು ಸಲೀಸಾಗಿ ಬರೆಯಲು ಆಗುತ್ತಿತ್ತಾ? ನನಗೆ ಹಾಗನ್ನಿಸುವುದಿಲ್ಲ.

ಇನ್ನು ನಿಮ್ಮ ತಂಗಿಯ ವಿಷಯ. "ರಕ್ತದಲ್ಲೇ ಇದೆ" ಎಂಬ ಮಾತಿಗೆ ಉತ್ತರ ಬೇಕಲ್ಲ.

ಮೂರ್ಛೆ ರೋಗ ಒಂದೇ ಕಾಯಿಲೆಯಲ್ಲ. ಹೆರಿಗೆಯಲ್ಲಿ ಮಗುವಿಗೆ ಉಸಿರು ಕಟ್ಟಿದರೆ, ತಲೆಗೆ ಪೆಟ್ಟಾದರೆ, ಮಿದುಳು ಜ್ವರ ಬಂದರೆ, ಲಾಡಿಹುಳುವಿನ ಮರಿ ಮಿದುಳಿಗೆ ಸೇರಿಕೊಂಡರೆ ಬರಬಹುದು. ಈ ಕೊನೆಯದು ನಮ್ಮ ದೇಶದಲ್ಲಿ ಜಾಸ್ತಿ. ಕೆಲವು ಬಗೆಗಳಲ್ಲಿ ಜೀನುಗಳ ಪಾತ್ರವೂ ಇದೆ, ಆದರೆ ಸಾಮಾನ್ಯವಾಗಿ ಹಲವು ಜೀನು ಸ್ವಲ್ಪ ಸ್ವಲ್ಪ ಸೇರಿ. ನಮ್ಮ ಮೈಸೂರು ಕಡೆ ಬಿಸಿನೀರಿನ ಮೂರ್ಛೆ ಅಂತ ಒಂದಿದೆ. ತಲೆಯ ಮೇಲೆ ಸುಡುಸುಡು ನೀರು ಚೊಂಬು ಚೊಂಬು ಸುರಿದುಕೊಳ್ಳುವಾಗ ಬರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಕೆಲವು ಮನೆಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಕಾಣುತ್ತದೆ. ಆದರೂ ಎಷ್ಟೋ ಜನರಿಗೆ ನೀರು ಉಗುರುಬೆಚ್ಚಗೆ ಮಾಡಿಕೊಂಡರೆ ಹಿಡಿತಕ್ಕೆ ಬರುತ್ತದೆ. ಅಂದರೆ ವಂಶದಲ್ಲಿ ಇದ್ದರೂ ಅದು ಹಣೆಬರಹವಲ್ಲ.

ತಾಯಿಗೆ ಮೂರ್ಛೆ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಬೇರೆಯವರಿಗಿಂತ ಸ್ವಲ್ಪ ಹೆಚ್ಚು, ನಿಜ. ಆದರೆ ಅಂಥ 100 ಮಕ್ಕಳಲ್ಲಿ 90ಕ್ಕೂ ಹೆಚ್ಚು ಮಕ್ಕಳಿಗೆ ಬರುವುದಿಲ್ಲ.

ಕಾನೂನಿನ ಮಾತು ಬಂದರೆ ಇದನ್ನು ಹೇಳಿ. ನಮ್ಮಲ್ಲೂ ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ತಂದ ತಿದ್ದುಪಡಿಯಲ್ಲಿ, ಪದೇಪದೇ ಮೂರ್ಛೆ ಬರುವವರು ಮದುವೆಗೆ ಅರ್ಹರಲ್ಲ ಎಂಬ ಮಾತು ಸೇರಿತ್ತು. ಹುಚ್ಚಿನ ಪಕ್ಕದಲ್ಲೇ, ಒಂದೇ ಸಾಲಿನಲ್ಲಿ. 1999ರಲ್ಲಿ ಸಂಸತ್ತು ಮೂರ್ಛೆ ಎಂಬ ಪದವನ್ನು ತೆಗೆದುಹಾಕಿತು. ವಿಶೇಷ ವಿವಾಹ ಕಾಯ್ದೆಯಿಂದಲೂ ತೆಗೆದರು. ಇವತ್ತು ಫಿಟ್ಸ್ ಇರುವುದು ಮದುವೆಗೆ ಕಾನೂನಿನ ಅಡ್ಡಿಯಲ್ಲ. ನೀವು ಮುಚ್ಚಿಡದೆ ಹೇಳಿದ್ದು ಸರಿಯಾಗಿಯೇ ಇದೆ, ಮುಂದೆಯೂ ಹಾಗೇ ಹೇಳಿ. ಎದ್ದು ಹೋದವರು ಹೋದರು.

ಕೊನೆಗೆ ಒಂದು ಕೆಲಸದ ಮಾತು. ತಂಗಿ ತೆಗೆದುಕೊಳ್ಳುತ್ತಿರುವ ಮಾತ್ರೆಯ ಹೆಸರು ನೋಡಿ. ಅದು ವಾಲ್ಪ್ರೋಯೇಟ್ ಆಗಿದ್ದರೆ ಮಗುವಿನ ಯೋಚನೆ ಮಾಡುವ ಮೊದಲೇ ನರರೋಗ ತಜ್ಞರ ಹತ್ತಿರ ಹೋಗಬೇಕು. ಬಸಿರಿನಲ್ಲಿ ಅದು ಮಗುವಿಗೆ ತೊಂದರೆ ಮಾಡುವ ಔಷಧಿ, ಬದಲಿಗೆ ಬೇರೆ ಮಾತ್ರೆಗಳಿವೆ. ಫೋಲಿಕ್ ಆಸಿಡ್ ಮಾತ್ರೆ ಯಾವಾಗಿನಿಂದ, ಎಷ್ಟು ಎಂದೂ ಅವರನ್ನೇ ಕೇಳಿ. ಆದರೆ ಯಾರೋ ಹೇಳಿದರು ಎಂದು ತಾವಾಗಿ ಮಾತ್ರೆ ನಿಲ್ಲಿಸುವುದು ಬೇಡ. ನಾಲ್ಕು ವರ್ಷ ಬಾರದೆ ಇದ್ದದ್ದು ಹಾಗೆ ಮಾಡಿದರೆ ಒಂದೇ ವಾರದಲ್ಲಿ ವಾಪಸು ಬರಬಹುದು. ಮುಂದಿನ ಸಲ ತೋರಿಸಲು ಹೋಗುವಾಗ ಹಳೆಯ ಚೀಟಿಗಳು, ಇಇಜಿ, ಸ್ಕ್ಯಾನ್ ಎಲ್ಲ ತೆಗೆದುಕೊಂಡು ಹೋಗಿ, ಇದು ಯಾವ ಬಗೆಯ ಮೂರ್ಛೆ ಎಂದು ತಂಗಿಯೇ ಬಾಯಿಬಿಟ್ಟು ಕೇಳಲಿ.